ಯುದ್ಧದಲ್ಲಿ ಮನೆ ಕಳೆದುಕೊಂಡ ಮಗುವಿನ ಕಾದಂಬರಿ: ಓದುವ, ಓದಿಸುವ ಕ್ರಮ

ಯುದ್ಧದಲ್ಲಿ ಅಪ್ಪನನ್ನೋ ಅವ್ವನನ್ನೋ ಊರನ್ನೋ ಕಳೆದುಕೊಂಡ ಮಗುವಿನ ಐತಿಹಾಸಿಕ ಕಾದಂಬರಿ ಹಿಡಿದವರು ಸಾಮಾನ್ಯವಾಗಿ ಎರಡು ಕಡೆ ಎಡವುತ್ತಾರೆ. ಕೆಲವರು ಹಿನ್ನೆಲೆ ತಿಳಿಯದೆ ಶುರು ಮಾಡಿ, ಐವತ್ತನೇ ಪುಟದ ಹೊತ್ತಿಗೆ ಯಾರು ಯಾರ ಮೇಲೆ ದಂಡೆತ್ತಿ ಬಂದಿದ್ದಾರೆ ಅಂತಲೇ ಗೊತ್ತಾಗದೆ ಪುಸ್ತಕ ಮಡಚಿಡುತ್ತಾರೆ. ಇನ್ನು ಕೆಲವರಿಗೆ ಇತಿಹಾಸ ಪೂರ್ತಿ ಗೊತ್ತು. ಅದನ್ನೆಲ್ಲ ಮಗುವಿನ ತಲೆಯಲ್ಲಿ ತುಂಬಿಕೊಂಡೇ ಓದುತ್ತಾರೆ. ಕಾದಂಬರಿ ಹೆಚ್ಚು ಕೆಡುವುದು ಈ ಎರಡನೆಯವರ ಕೈಯಲ್ಲಿ. ಎರಡನೇ ಮಹಾಯುದ್ಧ 1945ಕ್ಕೆ ಮುಗಿಯಿತು ಅನ್ನುವುದು ನಮಗೆ ಗೊತ್ತು, 1941ರ ಚಳಿಗಾಲದಲ್ಲಿ ರೊಟ್ಟಿ ಸಾಲಿನಲ್ಲಿ ನಿಂತ ಹುಡುಗಿಗೆ ಗೊತ್ತಿಲ್ಲ. ನಮಗೆ ಗೊತ್ತಿರುವುದಕ್ಕೂ ಅವಳಿಗೆ ಗೊತ್ತಿರುವುದಕ್ಕೂ ನಡುವಿನ ಅಂತರವನ್ನು ಪುಟಪುಟಕ್ಕೂ ಕಾಯ್ದುಕೊಂಡು ಓದಬೇಕು. ಕೆಳಗೆ ಹೇಳಿರುವುದೆಲ್ಲ ಅದಕ್ಕೆ ಬೇಕಾದ ಸಾಮಾನು ಸರಂಜಾಮು. ದಾವಣಗೆರೆ, ದುರ್ಗದ ಕಡೆ ಪ್ರೌಢಶಾಲೆ ಮಕ್ಕಳನ್ನು ಕೂರಿಸಿಕೊಂಡು ಓದಿಸುವ ಮೇಷ್ಟ್ರು, ಮೇಡಂಗಳನ್ನೂ, ಮನೆಯಲ್ಲಿ ಮಕ್ಕಳಿಗೆ ಓದಿ ಹೇಳುವವರನ್ನೂ ಮನಸ್ಸಿನಲ್ಲಿಟ್ಟುಕೊಂಡು ಬರೆದದ್ದು. ಒಬ್ಬರೇ ಓದುವವರಿಗೂ ಹೊಂದುತ್ತದೆ.

ಪುಸ್ತಕ ಆರಿಸುವಾಗ

ಗ್ರಂಥಾಲಯದ ಕಪಾಟಿನ ಮುಂದೆ ನಿಂತೇ ಐದು ನಿಮಿಷದಲ್ಲಿ ನೋಡಬಹುದಾದ ಸಂಗತಿಗಳಿವೆ. ಮೊದಲು ಹಿನ್ನುಡಿ ಇದೆಯೇ ನೋಡಿ. ಯಾವುದು ನಡೆದದ್ದು, ಯಾವುದು ತಾನು ಕಟ್ಟಿದ್ದು ಎಂದು ಲೇಖಕರು ಅಲ್ಲಿ ಹೇಳಿಕೊಂಡಿದ್ದರೆ ಅಂಥ ಪುಸ್ತಕ ಮಕ್ಕಳ ಕೈಗೆ ಕೊಡಲು ಒಳ್ಳೆಯದು. ಆದರೆ ಹಿನ್ನುಡಿಯನ್ನು ಈಗಲೇ ಓದಬೇಡಿ, ಯಾರು ಬದುಕುತ್ತಾರೆ ಅನ್ನುವುದು ಅಲ್ಲೇ ಬಯಲಾಗಿರುತ್ತದೆ. ನಂತರ ನಡುವಿನ ಯಾವುದಾದರೂ ಎರಡು ಪುಟ ಓದಿ ನೋಡಿ. ಅನುವಾದ ಮುಗ್ಗರಿಸುತ್ತಿದ್ದರೆ ಬಿಟ್ಟುಬಿಡಿ. ನೋವಿನ ಕಥೆಯಲ್ಲಿ ವಾಕ್ಯವೂ ತೊಡಕಾದರೆ ಹದಿಮೂರರ ಹುಡುಗ ಎರಡನೇ ದಿನ ಬರುವುದಿಲ್ಲ.

ವಯಸ್ಸಿನ ವಿಷಯದಲ್ಲಿ ನಮ್ಮ ಅಂದಾಜು ಇದು: ಹತ್ತರ ಒಳಗಿನವರಿಗೆ ಇಂಥ ಕಾದಂಬರಿ ಬೇಡ, ಹನ್ನೊಂದರಿಂದ ಹದಿಮೂರರವರೆಗೆ ದೊಡ್ಡವರ ಜೊತೆ, ಹದಿನಾಲ್ಕರ ಮೇಲೆ ಒಬ್ಬರೇ ಓದಬಹುದು. ಓದಿಸುವವರು ಮಾತ್ರ ಮೊದಲೇ ಪೂರ್ತಿ ಓದಿ ಮುಗಿಸಿರಬೇಕು. ಇದರಲ್ಲಿ ರಿಯಾಯಿತಿ ಇಲ್ಲ.

ಮೂರು ಕಾಲಂ

ಒಂದು ಲಾಂಗ್ ಸೈಜ್ ನೋಟ್‌ಬುಕ್ ತೆಗೆದುಕೊಂಡು ಪುಟಕ್ಕೆ ಮೂರು ಕಾಲಂ ಗೀಟು ಹಾಕಿ. ಮೊದಲನೆಯದರಲ್ಲಿ ತಾರೀಖು ಅಥವಾ ತಿಂಗಳು, ಎರಡನೆಯದರಲ್ಲಿ ಆಗ ಮಗುವಿನ ವಯಸ್ಸು, ಮೂರನೆಯದರಲ್ಲಿ ಆ ಹೊತ್ತಿಗೆ ಮಗುವಿಗೆ ಗೊತ್ತಿರುವುದು. ಮೂರನೆಯ ಕಾಲಂ ಅಗಲವಾಗಿರಲಿ, ಪುಟದ ಅರ್ಧದಷ್ಟು. ಅಧ್ಯಾಯಕ್ಕೆ ಒಂದು ಸಾಲು ಸಾಕು. ಬರೆಯುವಾಗ ಕಾದಂಬರಿಯಲ್ಲಿ ಮಗು ಕಂಡದ್ದು, ಕೇಳಿದ್ದು, ಮುಟ್ಟಿದ್ದು ಮಾತ್ರ ಬರಬೇಕು. ನಾವು ಶಾಲೆಯಲ್ಲಿ ಕಲಿತದ್ದು ಅಲ್ಲಿ ನುಸುಳಬಾರದು.

ವಯಸ್ಸಿನ ಕಾಲಂ ಯಾಕೆ ಬೇಕು ಅಂದರೆ, ಮೂರು ವರ್ಷದೊಳಗಿನ ನೆನಪು ಸಾಮಾನ್ಯವಾಗಿ ಯಾರಿಗೂ ಉಳಿಯುವುದಿಲ್ಲ. ಹಿರೋಶಿಮಾದ ಮೇಲೆ ಬಾಂಬು ಬಿದ್ದದ್ದು 1945ರ ಆಗಸ್ಟ್ 6ರಂದು. ಕಾಗದದ ಕೊಕ್ಕರೆಗಳಿಂದ ಹೆಸರಾದ ಸಡಾಕೊ ಸಸಾಕಿ ಹುಟ್ಟಿದ್ದು 1943ರ ಜನವರಿಯಲ್ಲಿ. ಬಾಂಬು ಬಿದ್ದಾಗ ಎರಡೂವರೆ ವರ್ಷದ ಕೂಸು, ರಕ್ತದ ಕ್ಯಾನ್ಸರ್‌ನಿಂದ ತೀರಿಕೊಂಡಾಗ ಹನ್ನೆರಡು. ಅಂಥ ಮಗುವಿನ ಕಥೆಯಲ್ಲಿ ಬಾಂಬು ಬಿದ್ದ ಬೆಳಗು ಅವ್ವನ ಬಾಯಿಂದ ಕೇಳಿದ್ದೇ ಹೊರತು ಕಣ್ಣಾರೆ ಕಂಡ ನೆನಪಾಗಲಾರದು. ಕಾದಂಬರಿಕಾರರು ಅದನ್ನು ಕಣ್ಣಾರೆ ಕಂಡಂತೆ ಬಿಡಿಸಿ ಬಿಡಿಸಿ ಬರೆದಿದ್ದರೆ, ಈ ಕಾಲಂ ತುಂಬುವಾಗ ತಾನಾಗಿ ಸಿಕ್ಕಿಬೀಳುತ್ತದೆ.

ಮೂರನೆಯ ಕಾಲಂ ಎಷ್ಟು ಮುಖ್ಯ ಅನ್ನುವುದಕ್ಕೆ ಕಟ್ಟುಕಥೆಯೇ ಬೇಕಿಲ್ಲ. ಜರ್ಮನ್ ಸೈನ್ಯ ರಷ್ಯಾದ ಲೆನಿನ್‌ಗ್ರಾಡ್ ನಗರಕ್ಕೆ ಹಾಕಿದ ಮುತ್ತಿಗೆಯಲ್ಲಿ ಸಿಕ್ಕಿಬಿದ್ದಿದ್ದ ತಾನ್ಯಾ ಸಾವಿಚೆವಾ ಎಂಬ ಬಾಲಕಿ 1941ರ ಡಿಸೆಂಬರ್‌ನಿಂದ 1942ರ ಮೇ ತಿಂಗಳವರೆಗೆ ತನ್ನ ಮನೆಯವರು ಒಬ್ಬೊಬ್ಬರೇ ಸತ್ತ ದಿನ, ಹೊತ್ತನ್ನು ಒಂದು ಪುಟ್ಟ ಪುಸ್ತಕದಲ್ಲಿ ಗುರುತು ಹಾಕಿಟ್ಟಳು. ಬರೆದದ್ದು ಒಂಬತ್ತೇ ಹಾಳೆ. ಕೊನೆಯಲ್ಲಿ, ಎಲ್ಲರೂ ಹೋದರು, ಉಳಿದವಳು ತಾನೊಬ್ಬಳೇ ಎಂಬ ಅರ್ಥದ ಮಾತಿದೆ. ಆದರೆ ಅವಳ ಅಕ್ಕ ನೀನಾ, ಅಣ್ಣ ಮಿಖಾಯಿಲ್ ಇಬ್ಬರೂ ಬದುಕಿದ್ದರು. ಅದು ತಾನ್ಯಾಗೆ ಗೊತ್ತಿರಲಿಲ್ಲ. 1944ರಲ್ಲಿ ಅವಳೂ ತೀರಿಕೊಂಡಳು. ಇದನ್ನು ನಿಮ್ಮ ನೋಟ್‌ಬುಕ್ಕಿನಲ್ಲಿ ಬರೆದರೆ ಮೂರನೆಯ ಕಾಲಂನಲ್ಲಿ ‘ಯಾರೂ ಉಳಿದಿಲ್ಲ’ ಅಂತಲೇ ಬರಬೇಕು. ಇಬ್ಬರು ಬದುಕಿದ್ದರು ಅನ್ನುವುದನ್ನು ಅಂಚಿನಲ್ಲಿ ಪೆನ್ಸಿಲ್‌ನಿಂದ ಬರೆದುಕೊಳ್ಳಿ.

ದೇಶ ಒಡೆದ ಕಾಲದ ಕಾದಂಬರಿಗಳಲ್ಲಿ ದೊಡ್ಡವರಿಗೂ ಇದೇ ಸ್ಥಿತಿ. ಸ್ವಾತಂತ್ರ್ಯ ಬಂದದ್ದು 1947ರ ಆಗಸ್ಟ್ 15ಕ್ಕೆ, ಭಾರತ, ಪಾಕಿಸ್ತಾನಗಳ ನಡುವಿನ ರಾಡ್‌ಕ್ಲಿಫ್ ಗಡಿರೇಖೆ ಪ್ರಕಟವಾದದ್ದು 17ಕ್ಕೆ. ನಡುವಿನ ಎರಡು ದಿನ ಪಂಜಾಬಿನ ಎಷ್ಟೋ ಊರುಗಳವರಿಗೆ ತಾವು ಯಾವ ದೇಶದಲ್ಲಿದ್ದೇವೆ ಅನ್ನುವುದೇ ತಿಳಿದಿರಲಿಲ್ಲ. ‘ಇವರು ಮೊದಲೇ ಗಂಟುಮೂಟೆ ಕಟ್ಟಿ ಹೊರಡಬಾರದಿತ್ತೇ’ ಎಂದು ಯಾರಾದರೂ ಕೇಳಿದರೆ ತಾರೀಖಿನ ಕಾಲಂ ತೋರಿಸಿ.

ಅನುವಾದಿತ ಪುಸ್ತಕವಾದರೆ ಹೆಸರಿನ ಚೀಟಿಯೂ ಬೇಕು. ರಷ್ಯನ್, ಪೋಲಿಷ್ ಕಥೆಗಳಲ್ಲಿ ಒಂದೇ ಹುಡುಗಿಗೆ ಮನೆಯಲ್ಲೊಂದು ಮುದ್ದಿನ ಹೆಸರು, ಶಾಲೆಯಲ್ಲೊಂದು, ಕಾಗದಪತ್ರದಲ್ಲೊಂದು. ಓದುಗರು ಮೂರು ಹುಡುಗಿಯರು ಅಂದುಕೊಂಡು ಗೊಂದಲಕ್ಕೆ ಬೀಳುತ್ತಾರೆ. ಪುಟದ ಗುರುತಿಗೆ ಇಡುವ ಚೀಟಿಯ ಮೇಲೆಯೇ ಹೆಸರು, ಸಂಬಂಧ, ಮೊದಲು ಬಂದ ಪುಟ ಬರೆದಿಡಿ. ನಾಜಿಗಳಿಂದ ಅಡಗಿಸಿಟ್ಟ ಯಹೂದಿ ಮಕ್ಕಳಿಗೆ ಹೊಸ ಹೆಸರು ಕೊಟ್ಟು, ಹಳೆಯದನ್ನು ಬಾಯಿತಪ್ಪಿಯೂ ಆಡದಂತೆ ಕಲಿಸಿದ ಸಂಗತಿಗಳಿವೆ. ಅಂಥ ಕಥೆಯಲ್ಲಿ ಚೀಟಿಯ ಮೇಲೆ ಹಳೆ ಹೆಸರಿಗೆ ಗೀಟು ಎಳೆಯುವುದನ್ನು ಮಕ್ಕಳ ಕೈಯಿಂದಲೇ ಮಾಡಿಸಿ.

ಒಂದು ತುಣುಕನ್ನು ಬಿಡಿಸಿ ನೋಡೋಣ

ಈ ಸಾಲುಗಳು ಯಾವ ಪುಸ್ತಕದವೂ ಅಲ್ಲ, ಅಭ್ಯಾಸಕ್ಕೆಂದೇ ಬರೆದವು. ಕಾಲ 1779, ಹೈದರ್ ಅಲಿ ದುರ್ಗಕ್ಕೆ ಮುತ್ತಿಗೆ ಹಾಕಿದ ಸಮಯ. ಹೇಳುತ್ತಿರುವವಳು ಏಳು ವರ್ಷದ ಹುಡುಗಿ.

‘ಅವ್ವ ಅವತ್ತು ಬುತ್ತಿ ಎರಡು ಗಂಟು ಕಟ್ಟಿದಳು. ದಿನಾ ಒಂದೇ ಕಟ್ಟುವವಳು. ಅಪ್ಪ ಒಂದನ್ನು ಹೆಗಲಿಗೆ ಹಾಕಿಕೊಂಡು ಬತೇರಿ ಕಡೆ ಹೋದ. ಇನ್ನೊಂದು ರಾತ್ರಿಗೆ ಅಂದಳು ಅವ್ವ. ಸಂಜೆ ಮೇಲಿನಿಂದ ಜನ ಇಳಿದು ಬಂದರು, ನಮ್ಮ ಮನೆ ಮುಂದೆ ಯಾರೂ ನಿಲ್ಲಲಿಲ್ಲ. ಗಂಟು ಒಲೆ ಪಕ್ಕದಲ್ಲೇ ಇತ್ತು. ಮಾರನೇ ದಿನ ಅವ್ವ ಅದನ್ನು ಬಿಚ್ಚಿ ರೊಟ್ಟಿ ನನಗೇ ಕೊಟ್ಟಳು. ಗಟ್ಟಿಯಾಗಿತ್ತು. ನೆನೆಸಿಕೊಂಡು ತಿಂದೆ.’

ಸಾವು ಅನ್ನುವ ಮಾತು ಎಲ್ಲೂ ಬಂದಿಲ್ಲ. ಹುಡುಗಿಯ ಲೆಕ್ಕಕ್ಕೆ ಸಿಕ್ಕಿದ್ದು ಎರಡು ಗಂಟು, ನಿಲ್ಲದೆ ಹೋದ ಜನ, ಗಟ್ಟಿ ರೊಟ್ಟಿ. ಮೂರನೆಯ ಕಾಲಂನಲ್ಲಿ ‘ಅಪ್ಪ ಸತ್ತ’ ಎಂದು ಬರೆದರೆ ತಪ್ಪು. ‘ರಾತ್ರಿ ಬುತ್ತಿ ಹಾಗೇ ಉಳಿಯಿತು, ಅವ್ವ ಅದನ್ನು ನನಗೆ ಕೊಟ್ಟಳು’ ಎಂದು ಬರೆದರೆ ಸರಿ. ಒಳ್ಳೆಯ ಕಾದಂಬರಿಗಳಲ್ಲಿ ಮಗುವಿನ ನಷ್ಟ ಇಂಥ ಒಂದು ವಸ್ತುವಿನ ಬೆನ್ನೇರಿ ಬರುತ್ತದೆ: ಬೀಗದ ಕೈ, ಒಂಟಿ ಚಪ್ಪಲಿ, ತಗಡಿನ ಡಬ್ಬಿ. ಎರಡನೇ ಸಲ ಅದೇ ವಸ್ತು ಕಂಡ ಕೂಡಲೇ ನೋಟ್‌ಬುಕ್ಕಿನ ಕೊನೆ ಹಾಳೆಯಲ್ಲಿ ಅದರ ಹೆಸರು ಬರೆದು, ಮುಂದೆ ಬಂದಲ್ಲೆಲ್ಲ ಪುಟಸಂಖ್ಯೆ ಹಾಕುತ್ತಾ ಹೋಗಿ. ಅದು ಯಾರ ಕೈಯಿಂದ ಯಾರ ಕೈಗೆ ಹೋಯಿತು ಅನ್ನುವುದೇ ಮುಖ್ಯ. ಮೇಲಿನ ತುಣುಕಿನಲ್ಲಿ ಅಪ್ಪನ ಪಾಲಿನ ರೊಟ್ಟಿ ಮಗಳ ಕೈಗೆ ಬಂದ ಕ್ಷಣವೇ ಅವ್ವ ಎಲ್ಲ ಒಪ್ಪಿಕೊಂಡ ಕ್ಷಣ.

ಇದೇ ತುಣುಕಿನಲ್ಲಿ ಕಾಲದೋಷ ಹುಡುಕುವ ಅಭ್ಯಾಸವನ್ನೂ ಮಾಡಿಸಬಹುದು. ಅವ್ವ ಕಡ್ಡಿ ಗೀರಿ ಒಲೆ ಹಚ್ಚಿದಳು ಎಂದಿದ್ದರೆ? ಗೀರಿದರೆ ಹತ್ತುವ ಬೆಂಕಿಕಡ್ಡಿ ಇಂಗ್ಲೆಂಡಿನಲ್ಲೇ ಬಂದದ್ದು 1826ರ ಸುಮಾರಿಗೆ. ಬೆಳಗ್ಗೆ ಚಹಾ ಕುಡಿದರು, ಇಷ್ಟು ಕಿಲೋಮೀಟರ್ ನಡೆದರು ಎಂದಿದ್ದರೂ ತಪ್ಪೇ. ಆಗ ದೂರದ ಮಾತು ಹರಿದಾರಿಯಲ್ಲಿ. ಒಂದೆರಡು ಇಂಥ ತಪ್ಪಿಗೆ ಪುಸ್ತಕವನ್ನೇ ಎಸೆಯಬೇಕಿಲ್ಲ. ಆದರೆ ಏಳರ ಹುಡುಗಿ ಸೈನ್ಯದ ತಂತ್ರ, ಒಪ್ಪಂದದ ಷರತ್ತು ಮಾತಾಡತೊಡಗಿದರೆ ಅದು ಬೆಂಕಿಕಡ್ಡಿಗಿಂತ ದೊಡ್ಡ ದೋಷ.

ತೂಕ, ದೂರ, ಎತ್ತರ

ಅಂಕಿ ಓದಿದರೆ ಮನಸ್ಸಿಗೆ ಇಳಿಯುವುದಿಲ್ಲ, ಕೈಗೆ ಸಿಗಬೇಕು. ಲೆನಿನ್‌ಗ್ರಾಡ್ ಮುತ್ತಿಗೆ 1941ರ ಸೆಪ್ಟೆಂಬರ್ 8ರಿಂದ 1944ರ ಜನವರಿ 27ರವರೆಗೆ, 872 ದಿನ. ಅದರಲ್ಲಿ ಅತಿ ಕೆಟ್ಟ ಹೊತ್ತು 1941ರ ನವೆಂಬರ್ 20ರಿಂದ ಡಿಸೆಂಬರ್ 25: ಮಕ್ಕಳಿಗೆ ದಿನಕ್ಕೆ 125 ಗ್ರಾಂ ರೊಟ್ಟಿ, ಕಾರ್ಖಾನೆ ಕೆಲಸಗಾರರಿಗೆ 250. ಬೇಕರಿಯಿಂದ 400 ಗ್ರಾಂ ಬ್ರೆಡ್ ಪೊಟ್ಟಣ ತನ್ನಿ, ಕಿರಾಣಿ ಅಂಗಡಿಯ ತಕ್ಕಡಿಯಲ್ಲಿ 125 ಗ್ರಾಂ ತೂಗಿಸಿ. ನಾಲ್ಕೈದು ಹೋಳು ಬರುತ್ತದೆ. ಮಕ್ಕಳು ‘ಇಷ್ಟೊಂದು ಸಾಕಲ್ಲ’ ಅನ್ನಬಹುದು. ಆಗ ಎರಡು ವಿಷಯ ಹೇಳಬೇಕು. ಆ ರೊಟ್ಟಿಯ ಹಿಟ್ಟಿನಲ್ಲಿ ಮರದ ನಾರಿನಂಥ ಬೆರಕೆ ಇತ್ತು, ಒದ್ದೆಯಾಗಿ ಭಾರವಾಗಿತ್ತು, ಹಾಗಾಗಿ ತೂಕ ಅಷ್ಟೇ ಇದ್ದರೂ ತುಂಡು ನಮ್ಮದಕ್ಕಿಂತ ಚಿಕ್ಕದು. ಅದಕ್ಕಿಂತ ಮುಖ್ಯವಾಗಿ, ಎಷ್ಟೋ ಮನೆಗಳಲ್ಲಿ ಅದರ ಜೊತೆ ಬೇರೇನೂ ಇರಲಿಲ್ಲ. ಹೋಳುಗಳನ್ನು ತಟ್ಟೆಯಲ್ಲಿಟ್ಟು, ಬೆಳಗ್ಗೆ ಎಷ್ಟು, ಮಧ್ಯಾಹ್ನ ಎಷ್ಟು, ರಾತ್ರಿ ಎಷ್ಟು ಎಂದು ಅವರೇ ಪಾಲು ಮಾಡಲಿ. ಉಪವಾಸ ಮಾಡಿಸುವ ಪ್ರಯೋಗ ಬೇಡವೇ ಬೇಡ. ಅದು ಆಟವಾಗುತ್ತದೆ, ಇಲ್ಲವೇ ಮಗುವಿಗೆ ತಲೆ ಸುತ್ತುತ್ತದೆ.

ದೂರಕ್ಕೆ ನಮ್ಮ ಹೆದ್ದಾರಿಯನ್ನೇ ಅಳತೆಗೋಲು ಮಾಡಿಕೊಳ್ಳಿ. ದಾವಣಗೆರೆಯಿಂದ ಚಿತ್ರದುರ್ಗಕ್ಕೆ ಸುಮಾರು 60 ಕಿ.ಮೀ. ಗಂಟು ಹೊತ್ತು, ಸಣ್ಣ ಮಕ್ಕಳ ಕೈ ಹಿಡಿದು ದಿನಕ್ಕೆ 15 ಕಿ.ಮೀ. ನಡೆದರೂ ನಾಲ್ಕು ದಿನ. ಎರಡನೇ ರಾತ್ರಿ ಭರಮಸಾಗರದ ಆಸುಪಾಸು ಮಲಗಬೇಕು. 1942ರಲ್ಲಿ ಜಪಾನೀಯರು ಬರ್ಮಾಕ್ಕೆ ನುಗ್ಗಿದಾಗ ಅಲ್ಲಿಂದ ಲಕ್ಷಾಂತರ ಭಾರತೀಯರು ಹೊರಟರು, ಅವರಲ್ಲಿ ಬಹಳ ಮಂದಿ ಕಾಡು ಬೆಟ್ಟ ದಾಟಿ ನಡೆದೇ ಬಂದವರು. ಅಂಥ ಕಾದಂಬರಿ ಓದುವಾಗ ‘ಒಂದು ದುರ್ಗ, ಎರಡು ದುರ್ಗ’ ಎಂದು ಎಣಿಸಿದರೆ ನಕ್ಷೆಯ ಗೀಟಿಗೆ ಜೀವ ಬರುತ್ತದೆ. ಇದೇ ಹೆದ್ದಾರಿ ಹುಬ್ಬಳ್ಳಿ, ಬೆಳಗಾವಿ ದಾಟಿ ಕೊಲ್ಹಾಪುರಕ್ಕೆ ಹೋಗುತ್ತದಲ್ಲ, ಅದರ ಪಕ್ಕದ ವಳಿವಡೆಯಲ್ಲಿ 1943ರಿಂದ 1948ರವರೆಗೆ ಪೋಲೆಂಡಿನ ನಿರಾಶ್ರಿತರ ದೊಡ್ಡ ಶಿಬಿರವಿತ್ತು. ಸುಮಾರು 5,000 ಜನ, ಹೆಚ್ಚಿನವರು ಹೆಂಗಸರು, ಮಕ್ಕಳು. ರಷ್ಯನ್ನರು ಪೂರ್ವ ಪೋಲೆಂಡಿನಿಂದ ಸೈಬೀರಿಯಾದಂಥ ಕಡೆ ಸಾಗಿಸಿದ್ದವರು ಇರಾನ್ ಮೂಲಕ ಇಲ್ಲಿಗೆ ಬಂದಿದ್ದರು. ಯುರೋಪಿನ ಯುದ್ಧ ನಮಗೇನು ಸಂಬಂಧ ಎಂದು ಕೇಳುವ ಹುಡುಗನಿಗೆ ಈ ದಾರಿ ತೋರಿಸಿದರೆ ಸಾಕು.

ಎತ್ತರದ ಪಾಠಕ್ಕೆ ದುರ್ಗದ ಕೋಟೆಗಿಂತ ಒಳ್ಳೆಯ ಜಾಗ ಸಿಗದು. ಬೆಳಗ್ಗೆ ಬೇಗ ಹೋಗಿ. ಫೆಬ್ರವರಿ ಕಳೆದ ಮೇಲೆ ಬಂಡೆ ಹತ್ತು ಗಂಟೆಗೆಲ್ಲ ಕಾದುಬಿಡುತ್ತದೆ. ತಲಾ ಒಂದು ಲೀಟರ್ ನೀರು ಇರಲಿ. ಏಳು ವರ್ಷದ ಮಗುವಿನ ಎತ್ತರ ಸುಮಾರು 120 ಸೆಂ.ಮೀ. ಕೋಟೆಗೋಡೆಯ ಒಳಮೈಗೆ ಬಂದು, ಕಣ್ಣು ಆ ಎತ್ತರಕ್ಕೆ ಬರುವಷ್ಟು ಮೊಣಕಾಲೂರಿ ನೋಡಲು ಹೇಳಿ. ಕಲ್ಲು, ತುಂಡು ಆಕಾಶ, ದೊಡ್ಡವರ ಬೆನ್ನು. ಹೊರಗಿನ ದಂಡು ಕಾಣುವುದಿಲ್ಲ, ಸದ್ದು ಮಾತ್ರ ಕೇಳುತ್ತದೆ. ಮಗುವೇ ನಿರೂಪಿಸುವ ಕಾದಂಬರಿಯಲ್ಲಿ ಯುದ್ಧಭೂಮಿ ಯಾಕೆ ಅಷ್ಟು ಕಡಿಮೆ ಕಾಣುತ್ತದೆ ಅನ್ನುವುದು ಅಲ್ಲಿ ಒಂದೇ ನಿಮಿಷದಲ್ಲಿ ತಿಳಿಯುತ್ತದೆ. ಆಮೇಲೆ ಮದ್ದು ಬೀಸುವ ಕಲ್ಲು, ಎಣ್ಣೆಕೊಳ, ಕಣಜ, ಅಕ್ಕ-ತಂಗಿ ಹೊಂಡ ತೋರಿಸಿ. ಮುತ್ತಿಗೆಯೆಂದರೆ ಕತ್ತಿ ಕಾಳಗಕ್ಕಿಂತ ನೀರು, ಕಾಳು, ಎಣ್ಣೆ ಎಷ್ಟು ದಿನಕ್ಕೆ ಬರುತ್ತದೆ ಅನ್ನುವ ಲೆಕ್ಕ. ಓಬವ್ವನ ಕಿಂಡಿಗೆ ಹೇಗಿದ್ದರೂ ಮಕ್ಕಳೇ ಓಡುತ್ತಾರೆ. ಆ ಕಥೆ ಜನರ ಬಾಯಲ್ಲಿ ಉಳಿದು ಬಂದದ್ದು ಎಂದು ಅಲ್ಲೇ ಹೇಳಿ. ಶಾಸನಕ್ಕೂ ಜನರ ನೆನಪಿಗೂ ವ್ಯತ್ಯಾಸ ಹೇಳಲು ಅದಕ್ಕಿಂತ ಹತ್ತಿರದ ಉದಾಹರಣೆ ಇಲ್ಲ.

ಗುಂಪಿನಲ್ಲಿ ಓದಿಸುವಾಗ

ಆರರಿಂದ ಎಂಟು ಜನ ಸರಿ. ಗಟ್ಟಿಯಾಗಿ ಓದಿದರೆ ಕನ್ನಡದ ಒಂದು ಪುಟಕ್ಕೆ ಎರಡರಿಂದ ಎರಡೂವರೆ ನಿಮಿಷ ಹಿಡಿಯುತ್ತದೆ. ಒಂದು ಬೈಠಕ್ಕಿಗೆ ಹತ್ತು ಪುಟ ಗಟ್ಟಿ ಓದು, ಇಪ್ಪತ್ತು ನಿಮಿಷ ಮಾತು, ನಡುವಿನ ಹದಿನೈದು ಪುಟ ಮನೆಯಲ್ಲಿ. ಹೀಗಾದರೆ 300 ಪುಟದ ಪುಸ್ತಕ ಹನ್ನೆರಡು ಬೈಠಕ್ಕಿನಲ್ಲಿ ಮುಗಿಯುತ್ತದೆ. ವಾರಕ್ಕೆ ಎರಡು ಸಲ ಇಟ್ಟುಕೊಳ್ಳಿ. ವಾರಕ್ಕೊಂದೇ ಆದರೆ ಹಿಂದಿನದು ಮರೆತು ಅರ್ಧ ಸಮಯ ಕಥೆ ನೆನಪಿಸುವುದರಲ್ಲೇ ಹೋಗುತ್ತದೆ. ಮಂಡಕ್ಕಿ ಮೆಣಸಿನಕಾಯಿ ಓದು ಮುಗಿದ ಮೇಲೆ. ಗ್ರಂಥಾಲಯದ ಹಾಳೆಗೆ ಎಣ್ಣೆ ಕೈ ತಾಗಿದರೆ ಹೋಗುವುದಿಲ್ಲ.

ಸಾವಿನ ಅಧ್ಯಾಯ ಯಾವ ಪುಟದಲ್ಲಿದೆ ಎಂದು ಮೊದಲೇ ಗುರುತಿಸಿಕೊಂಡು, ಅದು ಬೈಠಕ್ಕಿನ ನಡುವೆ ಬರುವಂತೆ ಪುಟ ಹಂಚಿಕೊಳ್ಳಿ. ಅದರಲ್ಲೇ ಕೊನೆ ಮಾಡಿ ಕಳಿಸಿದರೆ ಮಗು ಅದನ್ನು ಒಬ್ಬನೇ ಹೊತ್ತುಕೊಂಡು ಮನೆಗೆ ಹೋಗುತ್ತಾನೆ. ಮಲಗುವ ಹೊತ್ತಿಗಂತೂ ಆ ಅಧ್ಯಾಯ ಬೇಡ. ಸಂಜೆ ನಾಲ್ಕೂವರೆ, ಐದು ಒಳ್ಳೆಯ ಸಮಯ. ಓದಿದ ಮೇಲೆ ಒಂದೆರಡು ನಿಮಿಷ ಯಾರೂ ಮಾತಾಡದಿದ್ದರೆ ಬಿಟ್ಟುಬಿಡಿ. ಓದಿಸುವವರು ಆ ಮೌನಕ್ಕೆ ಹೆದರಿ ಬೋಧನೆ ಶುರು ಮಾಡುತ್ತಾರೆ. ಎಷ್ಟೋ ಓದುಕೂಟ ಕೆಡುವುದು ಅಲ್ಲೇ.

ಕೇಳಬಾರದ ಪ್ರಶ್ನೆ ಒಂದಿದೆ: ‘ನಿಮ್ಮಪ್ಪಂಗೆ ಹಿಂಗಾಗಿದ್ರೆ ನಿನಗೆ ಹೆಂಗನ್ಸುತ್ತೆ?’ ಇದಕ್ಕೆ ಮಗು ಒಂದೋ ಸುಳ್ಳು ಉತ್ತರ ಕೊಡುತ್ತದೆ, ಇಲ್ಲವೇ ಅಳುತ್ತದೆ. ಪುಸ್ತಕದ ಬಗ್ಗೆ ಏನೂ ತಿಳಿಯುವುದಿಲ್ಲ. ಬದಲಿಗೆ ಪುಟದ ಮೇಲಿರುವುದನ್ನೇ ಕೇಳಿ. ಈಗ ಅವಳ ಕೈಯಲ್ಲಿ ಏನಿದೆ? ಯಾರು ಅವಳ ಜೊತೆ ಮಾತು ನಿಲ್ಲಿಸಿದರು? ಹಿಂದಿನ ಅಧ್ಯಾಯದಲ್ಲಿ ಇದ್ದು ಇಲ್ಲಿ ಇಲ್ಲದ್ದು ಯಾವುದು? ಉತ್ತರ ಪುಸ್ತಕದಲ್ಲಿ ಇರುವುದರಿಂದ ಮಾತಾಡದ ಮಗುವೂ ಬೆರಳಿಟ್ಟು ತೋರಿಸುತ್ತದೆ.

ಗುಂಪಿನಲ್ಲಿ ಇತ್ತೀಚೆಗೆ ಮನೆಯವರನ್ನು ಕಳೆದುಕೊಂಡ ಮಗು ಇದ್ದರೆ ಪೋಷಕರಿಗೆ ಮೊದಲೇ ಪುಸ್ತಕದ ವಿಷಯ ತಿಳಿಸಿ. ಆ ದಿನ ಬರದಿದ್ದರೂ ನಡೆಯುತ್ತದೆ ಎಂದು ಮಗುವಿಗೆ ಪ್ರತ್ಯೇಕವಾಗಿ ಹೇಳಿ, ಎಲ್ಲರ ಮುಂದೆ ಬೇಡ. ನಿದ್ದೆ, ಊಟ ಬಿಡುವಷ್ಟು ಕಲಕಿದ್ದರೆ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ದೊಡ್ಡವರು ಕರೆ ಮಾಡಿ ಕೇಳಬಹುದು. ಇನ್ನೊಂದು ಎಚ್ಚರ: ಓದು ಮುಗಿಯುವ ಮೊದಲು ಮೊಬೈಲಿನಲ್ಲಿ ಆ ಯುದ್ಧದ ಫೋಟೊ ಹುಡುಕಲು ಬಿಡಬೇಡಿ. ನಾಜಿ ಶಿಬಿರಗಳ ಚಿತ್ರ ಒಮ್ಮೆ ಕಣ್ಣಿಗೆ ಬಿದ್ದರೆ ಕಾದಂಬರಿ ಮೆಲ್ಲಗೆ ಹೇಳುತ್ತಿರುವುದು ಯಾವುದೂ ಆಮೇಲೆ ಕೇಳಿಸುವುದಿಲ್ಲ.

ಸಾವಿನ ದೃಶ್ಯವೇ ಇಲ್ಲದ ಕಾದಂಬರಿಗಳಲ್ಲಿ ಮಕ್ಕಳು ‘ಆಮೇಲೆ ಅವರಪ್ಪ ಅವ್ವ ಏನಾದ್ರು?’ ಎಂದು ಗದ್ದಲ ಮಾಡುತ್ತಾರೆ. 1938ರ ಡಿಸೆಂಬರ್‌ನಿಂದ 1939ರ ಸೆಪ್ಟೆಂಬರ್‌ವರೆಗೆ ನಾಜಿ ಆಳ್ವಿಕೆಯ ನಾಡುಗಳಿಂದ ಸುಮಾರು 10,000 ಮಕ್ಕಳನ್ನು, ಬಹುಪಾಲು ಯಹೂದಿಗಳನ್ನು, ಹೆತ್ತವರಿಲ್ಲದೆ ರೈಲು ಹತ್ತಿಸಿ ಇಂಗ್ಲೆಂಡಿಗೆ ಕಳಿಸಲಾಯಿತು. ಯುದ್ಧ ಶುರುವಾದ ಮೇಲೆ ಮನೆಯ ಸುದ್ದಿ ಬರುತ್ತಿದ್ದದ್ದು ಮುಖ್ಯವಾಗಿ ರೆಡ್ ಕ್ರಾಸ್ ಚೀಟಿಯಲ್ಲಿ, ಅದಕ್ಕೆ 25 ಪದಗಳ ಮಿತಿ. ಒಂದು ದಿನ ಚೀಟಿ ನಿಲ್ಲುತ್ತಿತ್ತು. ಅದರಾಚೆಗೆ ಆ ಮಗುವಿಗೆ ಏನೂ ತಿಳಿಯುತ್ತಿರಲಿಲ್ಲ, ಎಷ್ಟೋ ಜನಕ್ಕೆ ವರ್ಷಗಟ್ಟಲೆ. 25 ಪದಗಳಲ್ಲಿ ಅವ್ವನಿಗೆ ಒಂದು ಕಾಗದ ಬರೆಯಲು ಹೇಳಿ. ‘ಚೆನ್ನಾಗಿದೀನಿ, ನೀವು ಹೇಗಿದೀರಿ’ ಎಂದು ಬರೆಯುವಷ್ಟರಲ್ಲೇ ಎಷ್ಟು ಪದ ಖರ್ಚಾಯಿತು ಎಂದು ಎಣಿಸಲಿ.

ಪುಸ್ತಕ ಮುಗಿದ ಮೇಲೆ

ಈಗ ಹಿನ್ನುಡಿ ಓದಿ. ಅಂಚಿನ ಪೆನ್ಸಿಲ್ ಟಿಪ್ಪಣಿಗಳನ್ನು ಮೂರನೆಯ ಕಾಲಂ ಪಕ್ಕಕ್ಕಿಟ್ಟು ನೋಡಿ. ಕಾದಂಬರಿಯಿಂದ ಮೂರು ಸಂಗತಿ ಆರಿಸಿ, ಅವನ್ನು ಇತಿಹಾಸದ ಪುಸ್ತಕದಲ್ಲೋ ಗೆಜೆಟಿಯರಿನಲ್ಲೋ ಹುಡುಕಲು ಮಕ್ಕಳಿಗೆ ಹಂಚಿ. ಮೂರಕ್ಕಿಂತ ಹೆಚ್ಚು ಕೊಟ್ಟರೆ ಹೋಂವರ್ಕ್ ಆಗುತ್ತದೆ.

ಹುಡುಕುವಾಗ ದಾಖಲೆಯನ್ನು ಯಾರು ಬರೆದದ್ದು ಎಂದೂ ಕೇಳಬೇಕು. ದುರ್ಗ ಬಿದ್ದ ಮೇಲೆ ಸುಮಾರು 20,000 ಬೇಡರನ್ನು ಶ್ರೀರಂಗಪಟ್ಟಣಕ್ಕೆ ಸಾಗಿಸಿದರು, ತಕ್ಕ ವಯಸ್ಸಿನ ಹುಡುಗರನ್ನು ಚೇಲಾ ಪಟಾಲಮಿಗೆ, ಅಂದರೆ ಸೆರೆ ಹಿಡಿದು ತಂದ ಹುಡುಗರ ಸೈನ್ಯದ ತುಕಡಿಗೆ, ಸೇರಿಸಿದರು ಎಂದು ಬಿ.ಎಲ್. ರೈಸ್ ಅವರ ಮೈಸೂರು ಗೆಜೆಟಿಯರ್ ಹೇಳುತ್ತದೆ. ಅದು ಇಂಗ್ಲಿಷರ ಆಳ್ವಿಕೆಯಲ್ಲಿ, ಹೈದರ್ ಮನೆತನವನ್ನು ಸೋಲಿಸಿದವರ ಕಡೆಯಿಂದ ಬಂದ ಬರಹ. ಅಂಕಿಯನ್ನು ಆ ಎಚ್ಚರದಲ್ಲೇ ನೋಡಬೇಕು. ಇಂಗ್ಲಿಷರೂ 1792ರಲ್ಲಿ ಟಿಪ್ಪುವಿನ ಇಬ್ಬರು ಪುಟ್ಟ ಮಕ್ಕಳನ್ನು ಒತ್ತೆಯಾಗಿ ಪಡೆದರು. ಅವರ ಚಿತ್ರಕಾರರು ಅದನ್ನು ಇಂಗ್ಲಿಷರ ಗವರ್ನರ್ ಜನರಲ್ ಕಾರ್ನ್‌ವಾಲಿಸ್ ಆ ಮಕ್ಕಳನ್ನು ಪ್ರೀತಿಯಿಂದ ಬರಮಾಡಿಕೊಂಡಂತೆ ಬರೆದಿಟ್ಟರು. ಎರಡನ್ನೂ ಮಕ್ಕಳ ಮುಂದಿಡಿ, ತೀರ್ಪು ಕೊಡಲು ಅವಸರಪಡಬೇಡಿ. ಗೆಜೆಟಿಯರಿನ ಸಾಲಿನಲ್ಲಿ ಆ ಹುಡುಗರ ಪೈಕಿ ಒಬ್ಬನ ಹೆಸರೂ ಇಲ್ಲ. ಚೇಲಾ ಪಟಾಲಮಿನ ಹುಡುಗನ ಮೇಲೆ ಯಾರಾದರೂ ಕಾದಂಬರಿ ಬರೆದರೆ ಹೆಸರು, ಅವ್ವ, ಬುತ್ತಿ ಎಲ್ಲ ಕಲ್ಪನೆಯಿಂದಲೇ ಬರಬೇಕು. ಅದಕ್ಕಾಗಿ ಲೇಖಕರನ್ನು ತಪ್ಪು ಹಿಡಿಯುವಂತಿಲ್ಲ; ತಾರೀಖು, ದಾರಿ, ಊಟ, ಆಯುಧ ತಪ್ಪಿದ್ದರೆ ಹಿಡಿಯಬಹುದು.

ಮುಂದಿನ ಪುಸ್ತಕಕ್ಕೆ ಒಂದೆರಡು ತಿಂಗಳು ಬಿಡುವಿರಲಿ, ನಡುವೆ ನಗಿಸುವಂಥದ್ದು ಏನಾದರೂ ಓದಿಸಿ. ಮತ್ತೆ ಯುದ್ಧದ ಕಥೆಗೆ ಬಂದಾಗ ಎದುರಾಳಿ ಕಡೆಯ ಮಗುವಿನದ್ದು ಸಿಕ್ಕರೆ ಅದನ್ನೇ ತೆಗೆದುಕೊಳ್ಳಿ, ಹಳೆಯ ನೋಟ್‌ಬುಕ್ಕಿನಲ್ಲೇ ಬರೆಸಿ. ಒಂದೇ ತಿಂಗಳ ಎರಡು ಸಾಲು ಅಕ್ಕಪಕ್ಕ ಬರುವಂತೆ ಎದುರು ಪುಟ ಖಾಲಿ ಬಿಟ್ಟಿದ್ದರೆ ಕೆಲಸ ಸುಲಭ. ಆದ್ದರಿಂದ ಮೊದಲ ದಿನ ಗೀಟು ಹಾಕುವಾಗಲೇ ಬಲಗಡೆ ಪುಟ ಮಾತ್ರ ಬಳಸಿ.